ಓದಿ ಆಡುವ ಆಟ ನಮ್ಮೂರಿಗೆ ಏಕೆ ಬರಲಿಲ್ಲ?

ವಿಡಿಯೋ ಗೇಮ್ ಬಗ್ಗೆ ಕನ್ನಡ ಶಾಲೆಯ ಮೇಷ್ಟ್ರು ಬರೆಯುವುದೇನಿದೆ ಎಂದು ನೀವು ಕೇಳಬಹುದು. ಮಕ್ಕಳ ಓದು ಕೆಡಿಸುವ ಪೆಟ್ಟಿಗೆ ಎಂದು ಬೈದು ಸುಮ್ಮನಾಗುವುದು ನಮ್ಮೆಲ್ಲರ ರೂಢಿ. ಆದರೆ ಈ ಪೆಟ್ಟಿಗೆಯಲ್ಲಿ ಒಂದು ಜಾತಿಯ ಆಟವಿತ್ತು. ಅಕ್ಷರ ಬಾರದವರು ಅದನ್ನು ಆಡುವಂತೆಯೇ ಇರಲಿಲ್ಲ. ಆ ಆಟ ಕೃಷ್ಣೆಯ ಈ ದಂಡೆಗೆ ಬರಲಿಲ್ಲ, ಆಚೆ ದಂಡೆಯ ರಾಯಚೂರಿಗೂ ಬರಲಿಲ್ಲ. ಏಕೆ ಬರಲಿಲ್ಲ ಎಂಬುದು ನಮ್ಮಂಥ ಶಾಲೆಗಳವರು ತಿಳಿಯಬೇಕಾದ ಇತಿಹಾಸ.

ಮೊದಲು, ಬಂದದ್ದು ಯಾವುದು ನೋಡೋಣ. 1990ರ ದಶಕದಲ್ಲಿ ಟಿ.ವಿ.ಗೆ ಸಿಕ್ಕಿಸಿ ಆಡುವ ಯಂತ್ರಗಳು ನಮ್ಮ ದೇಶದ ಪೇಟೆಗಳಿಗೆ ಬಂದವು. ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್ ಎಂದೆಲ್ಲ ಹೆಸರು. ಹೆಸರು ಬೇರೆಯಾದರೂ ಇವುಗಳ ಮೂಲ ಒಂದೇ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಬಿಡುಗಡೆ ಮಾಡಿದ ಫ್ಯಾಮಿಕಾಮ್ ಎಂಬ ಯಂತ್ರ. ಅದರ ನಕಲುಗಳೇ ನಮಗೆ ದಕ್ಕಿದ್ದು. ಮೇಲೆ ಸಿಕ್ಕಿಸುವ ತುಂಡಿಗೆ ನಮ್ಮವರು ‘ಕ್ಯಾಸೆಟ್’ ಎಂದರು. ಒಂದೇ ಕ್ಯಾಸೆಟ್ಟಿನಲ್ಲಿ ಲಕ್ಷಗಟ್ಟಲೆ ಆಟ ಎಂದು ಮೇಲೆ ಬರೆದಿರುತ್ತಿತ್ತು. ಒಳಗೆ ಇರುತ್ತಿದ್ದವು ಕೆಲವೇ ಆಟಗಳು, ಅವೇ ತಿರುಗಿ ತಿರುಗಿ ಬರುತ್ತಿದ್ದವು. ಮಾರಿಯೋ, ಕಾಂಟ್ರಾ, ಬ್ಯಾಟಲ್ ಸಿಟಿಯ ಟ್ಯಾಂಕು, ರೋಡ್ ಫೈಟರಿನ ಕಾರು. ಓಡು, ಹಾರು, ಗುಂಡು ಹೊಡೆ. ಇವುಗಳಿಗೆ ಯಾವ ಭಾಷೆಯೂ ಬೇಕಿಲ್ಲ.

ಅದೇ ಯಂತ್ರಕ್ಕಾಗಿ ಜಪಾನಿನಲ್ಲಿ ಬೇರೊಂದು ಆಟ ತಯಾರಾಗಿತ್ತು. 1986ರ ಮೇ 27ರಂದು ಎನಿಕ್ಸ್ ಕಂಪನಿ ಹೊರತಂದ ‘ಡ್ರ್ಯಾಗನ್ ಕ್ವೆಸ್ಟ್’. ಕಥೆ ಯುಜಿ ಹೊರಿಯಿ, ಚಿತ್ರ ಅಕಿರ ತೊರಿಯಾಮ, ಸಂಗೀತ ಕೊಯಿಚಿ ಸುಗಿಯಾಮ. ಇಂಥವನ್ನು ‘ರೋಲ್ ಪ್ಲೇಯಿಂಗ್ ಗೇಮ್’ ಎನ್ನುತ್ತಾರೆ. ಪಾತ್ರ ವಹಿಸಿ ಆಡುವ ಆಟ ಎನ್ನೋಣ. ನಮ್ಮ ಬಯಲಾಟದಲ್ಲಿ ವೇಷ ಕಟ್ಟಿದವನು ಬೆಳಗಿನ ತನಕ ಅರ್ಜುನನೇ ಆಗಿರುತ್ತಾನಲ್ಲ, ಹಾಗೆ. ವ್ಯತ್ಯಾಸ ಇಷ್ಟೇ: ಬಯಲಾಟದಲ್ಲಿ ಮುಂದೇನು ನಡೆಯಬೇಕೆಂಬುದು ಮೊದಲೇ ಗೊತ್ತು, ಇಲ್ಲಿ ಅದನ್ನು ಆಡುವವನೇ ಹುಡುಕಿಕೊಳ್ಳಬೇಕು.

ಆಟ ಹೀಗೆ ನಡೆಯುತ್ತದೆ. ರಾಜನ ಕೋಟೆಯಲ್ಲಿ ಆರಂಭ. ಪೆಟ್ಟಿಗೆ ತೆರೆದರೆ 120 ಚಿನ್ನದ ನಾಣ್ಯ. ಅದರಲ್ಲೇ ಬಡಿಗೆ, ಬಟ್ಟೆ, ಔಷಧಿ ಹೊಂದಿಸಬೇಕು. ಕೋಟೆಯ ಹೊರಗೆ ಸಣ್ಣ ಪ್ರಾಣಿಯನ್ನು ಗೆದ್ದರೆ ಅನುಭವದ ಒಂದು ಅಂಕ. ಏಳು ಅಂಕವಾದರೆ ಎರಡನೆಯ ಹಂತ. ಸೋತರೆ ಮತ್ತೆ ರಾಜನ ಮುಂದೆ ಬಂದು ನಿಲ್ಲುತ್ತೀರಿ. ಹಣ ಅರ್ಧ ಹೋಗಿರುತ್ತದೆ, ಕಲಿತದ್ದು ಹಾಗೇ ಉಳಿದಿರುತ್ತದೆ. ಈ ನಿಯಮ ನಮಗೆ ಬಹಳ ಹಿಡಿಸಿತು. ಪರೀಕ್ಷೆಯಲ್ಲಿ ಬಿದ್ದ ಹುಡುಗನಿಗೆ ನಾವು ಹೇಳಬೇಕಾದ ಮಾತೂ ಇದೇ ಅಲ್ಲವೇ?

ಮಾತನಾಡು, ಹುಡುಕು, ಬಾಗಿಲು ತೆರೆ ಎಂಬ ಪದಗಳು ಪಟ್ಟಿಯಲ್ಲಿರುತ್ತವೆ. ಮೆಟ್ಟಿಲು ಇಳಿಯಬೇಕಾದರೂ ‘ಮೆಟ್ಟಿಲು’ ಎಂಬ ಪದವನ್ನೇ ಓದಿ ಆರಿಸಬೇಕು. ಊರವರು ಆಡುವ ಒಂದೊಂದು ಮಾತಿನಲ್ಲೂ ಸುಳಿವು. ಒಂದು ವಸ್ತು ಕೋಟೆಯಿಂದ ದಕ್ಷಿಣಕ್ಕೆ 70, ಪೂರ್ವಕ್ಕೆ 40 ಅಳತೆಯ ದೂರದಲ್ಲಿ ಹುದುಗಿದೆ. ಲೆಕ್ಕ ಹಾಕದಿದ್ದರೆ ಸಿಗುವುದಿಲ್ಲ. ಓದು, ಗಣಿತ, ಭೂಗೋಳ ಮೂರೂ ಬೇಕು.

ಇನ್ನು ಅಕ್ಷರಗಳ ಕಥೆ ಕೇಳಿ. ಆ ಇಡೀ ಆಟಕ್ಕೆ ಇದ್ದ ಜಾಗ 64 ಕಿಲೋಬೈಟು. ಇಂದಿನ ಮೊಬೈಲಿನ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯದು. ಜಪಾನಿಗಳಿಗೆ ಹಿರಗಾನ, ಕತಕಾನ ಎಂಬ ಎರಡು ವರ್ಣಮಾಲೆಗಳಿವೆ, ಚೀನೀ ಮೂಲದ ಕಾಂಜಿ ಬೇರೆ. ಎಲ್ಲವನ್ನೂ ತುಂಬಲು ಜಾಗವಿಲ್ಲ. ಅವರು ಕಾಂಜಿ ಬಿಟ್ಟರು, ಹಿರಗಾನ ಇಟ್ಟುಕೊಂಡರು, ಕತಕಾನದಲ್ಲಿ 20 ಅಕ್ಷರ ಮಾತ್ರ ಆರಿಸಿಕೊಂಡರು. ರಾಕ್ಷಸರ ಹೆಸರು, ಮಂತ್ರಗಳ ಹೆಸರು ಎಲ್ಲವನ್ನೂ ಆ ಇಪ್ಪತ್ತು ಅಕ್ಷರಗಳೊಳಗೇ ಹೊಂದಿಸಿದರು. ಜಾಗ ಸಾಲದೆಂದು ಇಂಗ್ಲಿಷಿಗೆ ಹೋಗಲಿಲ್ಲ.

ಆಟವನ್ನು ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸಲು ಆ ಕ್ಯಾಸೆಟ್ಟಿನಲ್ಲಿ ನೆನಪಿಡುವ ವ್ಯವಸ್ಥೆ ಇರಲಿಲ್ಲ. ಬದಲಿಗೆ ರಾಜನು 20 ಅಕ್ಷರಗಳ ಒಂದು ‘ಮಂತ್ರ’ ಹೇಳುತ್ತಿದ್ದ. ಅದು 5, 7, 5, 3 ಎಂದು ಬಿಡಿಸಿ ತೆರೆಯ ಮೇಲೆ ಬರುತ್ತಿತ್ತು. ಮಕ್ಕಳು ಅದನ್ನು ಕಾಗದದ ಮೇಲೆ ಬರೆದುಕೊಂಡು ಮರುದಿನ ತಪ್ಪಿಲ್ಲದೆ ತುಂಬಬೇಕು. ಒಂದಕ್ಷರ ತಪ್ಪಿದರೆ ನಿನ್ನೆಯ ಶ್ರಮವೆಲ್ಲ ನೀರುಪಾಲು. 1987ರ ಎರಡನೆಯ ಭಾಗದಲ್ಲಿ ಈ ಮಂತ್ರ 52 ಅಕ್ಷರಗಳವರೆಗೆ ಬೆಳೆಯಿತು. ಉಕ್ತಲೇಖನಕ್ಕೆ ಇದಕ್ಕಿಂತ ಕಟ್ಟುನಿಟ್ಟಿನ ಮೇಷ್ಟ್ರು ಎಲ್ಲಿ ಸಿಕ್ಕಾರು?

ಮೂರನೆಯ ಭಾಗ ಬಂದದ್ದು 1988ರ ಫೆಬ್ರುವರಿ 10, ಬುಧವಾರ. ಮೊದಲ ದಿನವೇ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟ. ಶಾಲೆ ತಪ್ಪಿಸಿ ಅಂಗಡಿ ಮುಂದೆ ಸಾಲು ನಿಂತ ಸುಮಾರು ಮುನ್ನೂರು ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದರೆಂದು ವರದಿಯಾಯಿತು. ರಜೆಯ ದಿನವೇ ಬಿಡುಗಡೆ ಮಾಡಬೇಕೆಂದು ಜಪಾನ್ ಸರಕಾರ ಕಾನೂನು ಮಾಡಿತು ಎಂಬ ಮಾತೂ ಹಬ್ಬಿತು. ಅದು ಕಟ್ಟುಕಥೆ. ಆದರೆ ನಾಲ್ಕನೆಯ ಭಾಗ 1990ರ ಫೆಬ್ರುವರಿ 11ರಂದು ಬಂದಾಗ ಅಂದು ಭಾನುವಾರವಾಗಿತ್ತು. ಆಟದ ಚಟ ಅಲ್ಲಿಯೂ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಆ ಮಕ್ಕಳು ಗಂಟೆಗಟ್ಟಲೆ ಓದುತ್ತಿದ್ದುದು ತಮ್ಮದೇ ಭಾಷೆಯನ್ನು.

ಅಮೆರಿಕಕ್ಕೆ ಈ ಆಟ 1989ರಲ್ಲಿ ಇಂಗ್ಲಿಷಾಗಿ ಹೋಯಿತು. ನಮ್ಮಲ್ಲಿಗೆ ಮಾತ್ರ ಏಕೆ ಬರಲಿಲ್ಲ? ಜಾಗ ಸಾಲದೆ ಎನ್ನಲಾಗದು. ಡ್ರ್ಯಾಗನ್ ಕ್ವೆಸ್ಟಿಗಿಂತ ಹೆಚ್ಚು ಜಾಗ ಹಿಡಿಯುವ ಕಾಂಟ್ರಾ ಬಂತಲ್ಲ! ನಮಗೆ ತೋಚುವ ಕಾರಣ ಇದು: ಜಪಾನಿ ಅಕ್ಷರದ ಆಟ ತಂದರೆ ಇಲ್ಲಿ ಓದುವವರಿಲ್ಲ, ಇಂಗ್ಲಿಷಿನದು ತಂದರೆ ಹಳ್ಳಿಯ ಮಕ್ಕಳಿಗೆ ಎಟುಕದು. ಕನ್ನಡಕ್ಕೋ ತೆಲುಗಿಗೋ ತರೋಣವೆಂದರೆ ಕೆಲಸ ಸುಲಭವಿರಲಿಲ್ಲ. ಆ ಯಂತ್ರ ತೆರೆಯನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಮನೆಗಳಾಗಿ ಕಾಣುತ್ತದೆ. ಅಂಥ 256 ಅಚ್ಚುಗಳು ಒಂದು ಕಂತಿಗೆ. ನಮ್ಮ 34 ವ್ಯಂಜನಗಳ ಕಾಗುಣಿತ ಬರೆದರೇ ನಾನೂರು ದಾಟುತ್ತದೆ, ಒತ್ತಕ್ಷರ ಬೇರೆ. ಅಸಾಧ್ಯವೇನಲ್ಲ, ಕೊಂಬು, ದೀರ್ಘ, ಒತ್ತುಗಳನ್ನು ಬಿಡಿಬಿಡಿಯಾಗಿ ಜೋಡಿಸಬಹುದಿತ್ತು. ಆದರೆ ಹಾಗೆ ಕೂತು ಮಾಡಲು ಯಾರಿಗೂ ನಾವು ಗಿರಾಕಿಗಳಾಗಿ ಕಾಣಲಿಲ್ಲ.

ಗಡಿಯಲ್ಲಿರುವ ನಮಗೆ ಇದು ಹೊಸದಲ್ಲ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ತಾಲೂಕುಗಳು ಮೆಹಬೂಬನಗರಕ್ಕೆ ಸೇರಿದವು. ಗೆರೆ ಎಲ್ಲಿ ಎಳೆದರೂ ಮನೆಯ ಮಾತು ಮನೆಯಲ್ಲೇ ಉಳಿಯುತ್ತದೆ. ಆದರೆ ಪುಸ್ತಕ, ಆಟಿಕೆ, ಸಿನಿಮಾ ತಯಾರಿಸುವವರ ಎಣಿಕೆಯಲ್ಲಿ ಸಣ್ಣ ಗುಂಪು ಬಿಟ್ಟುಹೋಗುತ್ತದೆ. ಮಗು ಶಾಲೆಯಲ್ಲಿ ಕನ್ನಡ ಓದುತ್ತದೆ, ಆಡುವಾಗ ಕನ್ನಡ ಸಿಗುವುದಿಲ್ಲ. ಪಾಠದಲ್ಲಿ ಮಾತ್ರ ಉಳಿದ ಭಾಷೆ ಎಷ್ಟು ದಿನ ಬಾಳೀತು ಎಂಬುದು ನಮ್ಮ ಚಿಂತೆ.

ಇದಕ್ಕೆ ಉಪಾಯವೂ ಇದೇ ಇತಿಹಾಸದಲ್ಲಿದೆ. ಪಾತ್ರ ವಹಿಸಿ ಆಡುವ ಈ ಆಟಗಳ ಹಿರಿಯಜ್ಜ 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅದಕ್ಕೆ ಟಿ.ವಿ. ಇಲ್ಲ, ಕರೆಂಟೂ ಬೇಡ. ಕಾಗದ, ಪೆನ್ಸಿಲ್ಲು, ದಾಳ, ಕಥೆ ಹೇಳುವವನೊಬ್ಬ. ಇವು ನಮ್ಮ ಶಾಲೆಯಲ್ಲಿ ಇಲ್ಲವೇ? ದಾಳ ಸಿಗದಿದ್ದರೆ ಕವಡೆ ಸಾಕು.

ಐದನೆಯ ತರಗತಿ ಮೇಲ್ಪಟ್ಟ ಮಕ್ಕಳಿಗೆ ಹೀಗೆ ಮಾಡಬಹುದು. ಕೃಷ್ಣಾ ಸ್ಟೇಷನ್ನಿನಿಂದ ಹೊರಟು ಗದ್ವಾಲ ಕೋಟೆಗೆ ಒಂದು ಪತ್ರ ತಲುಪಿಸಬೇಕು. ದಾರಿಯಲ್ಲಿ ಮಕ್ತಲ್ ಸಂತೆ, ನಾರಾಯಣಪೇಟೆಯ ಮಗ್ಗದ ಮನೆ. ಪ್ರತಿ ಊರಿಗೂ ಮಕ್ಕಳೇ ನಾಲ್ಕು ಜನರ ಮಾತು ಬರೆಯಲಿ, ಅದರಲ್ಲಿ ಒಂದು ಸುಳಿವು ಅಡಗಿಸಲಿ. ಒಬ್ಬ ಕಥೆ ನಡೆಸಲಿ, ಉಳಿದವರು ಆಡಲಿ. ಗಂಟೆ ಹೊಡೆದಾಗ ಇಪ್ಪತ್ತು ಅಕ್ಷರದ ಒಂದು ಮಂತ್ರ ಕೊಟ್ಟು ನಿಲ್ಲಿಸಿ, ಒತ್ತಕ್ಷರ ಜಾಸ್ತಿ ಇರಲಿ. ನಾಳೆ ತಪ್ಪಿಲ್ಲದೆ ಬರೆದವರಿಗೇ ಮುಂದಿನ ದಾರಿ.

ನಿಮ್ಮ ಶಾಲೆಯಲ್ಲಿ ಮಾಡಿ ನೋಡಿ, ಮಕ್ಕಳು ಬರೆದ ಸುಳಿವುಗಳನ್ನು ಜೋಪಾನವಾಗಿಡಿ. ಮುಂದೆ ನಮ್ಮ ಹುಡುಗರಲ್ಲೇ ಯಾರಾದರೂ ಕನ್ನಡದಲ್ಲಿ ಇಂಥ ಆಟ ಕಟ್ಟಲು ಕೂತರೆ ಅವು ಬೇಕಾಗುತ್ತವೆ.