ಸರತಿ ಸಾಲಿನ ಲೆಕ್ಕ

1968ರ ಮೇ 24ರಂದು ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದಲ್ಲಿ ಬ್ರೂಸ್ ಟಕರ್ ಎಂಬ ಕಪ್ಪು ಕಾರ್ಮಿಕ ಬಿದ್ದು ತಲೆಗೆ ತೀವ್ರ ಪೆಟ್ಟು ಮಾಡಿಕೊಂಡ. ಮರುದಿನ ಅಲ್ಲಿನ ಮೆಡಿಕಲ್ ಕಾಲೇಜಿನ ಶಸ್ತ್ರವೈದ್ಯರು ಅವನ ಹೃದಯವನ್ನು ತೆಗೆದು ಒಬ್ಬ ಬಿಳಿಯ ಉದ್ಯಮಿಗೆ ಜೋಡಿಸಿದರು. ಮನೆಯವರ ಒಪ್ಪಿಗೆ ಇರಲಿಲ್ಲ. ವಾರಸುದಾರರು ಸಿಗಲಿಲ್ಲ ಎಂಬುದು ಆಸ್ಪತ್ರೆಯ ವಾದ. ಆದರೆ ಅವನ ಸಹೋದರ ವಿಲಿಯಂ ಅದೇ ಊರಿನಲ್ಲಿ ಚಪ್ಪಲಿ ರಿಪೇರಿ ಅಂಗಡಿ ನಡೆಸುತ್ತಿದ್ದ. ಹೃದಯ ಇಲ್ಲವೆಂಬುದು ಅವನಿಗೆ ಗೊತ್ತಾದದ್ದು ಶವಸಂಸ್ಕಾರ ಮಾಡಿಸುವವರಿಂದ. ಡಗ್ಲಸ್ ವೈಲ್ಡರ್ ಎಂಬ ಕಪ್ಪು ವಕೀಲ ಅವನ ಪರವಾಗಿ ವಾದಿಸಿದ. 1972ರಲ್ಲಿ ಜ್ಯೂರಿ ವೈದ್ಯರ ಪರವಾಗಿ ತೀರ್ಪು ಕೊಟ್ಟಿತು. ಮುಂದೆ 1990ರಲ್ಲಿ ವೈಲ್ಡರ್ ಅದೇ ರಾಜ್ಯದ ಗವರ್ನರ್ ಆದದ್ದು ಬೇರೆಯೇ ಕಥೆ.

ಅಂಗಾಂಗ ಕಸಿಯ ಚರಿತ್ರೆಯನ್ನು ಸಾಮಾನ್ಯವಾಗಿ ಶಸ್ತ್ರವೈದ್ಯರ ಸಾಹಸಗಾಥೆಯಾಗಿ ಹೇಳುತ್ತಾರೆ. ವೈದ್ಯಕೀಯ ಚರಿತ್ರೆಯ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡಿದ್ದು ಆಪರೇಷನ್ ಕೋಣೆಯಲ್ಲ, ಅದರ ಹೊರಗಿನ ಸರತಿ ಸಾಲು. ಟಕರ್ ವಿಷಯದಲ್ಲಿ ತಾರತಮ್ಯ ಕಣ್ಣಿಗೆ ಕಾಣುವಂತಿತ್ತು. ಆಮೇಲೆ ಅದು ಗಣಿತದೊಳಗೆ ಹೋಗಿ ಕುಳಿತಿತು.

ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ರಕ್ತದಲ್ಲಿನ ಕ್ರಿಯಾಟಿನಿನ್ ಅಳೆಯುತ್ತಾರೆ. ಇದು ಸ್ನಾಯುಗಳಿಂದ ಹುಟ್ಟುವ ತ್ಯಾಜ್ಯ. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಉಳಿಯುತ್ತದೆ. 1999ರಲ್ಲಿ ಬಂದ ಒಂದು ಸೂತ್ರ, ರೋಗಿ ಕಪ್ಪು ಜನಾಂಗದವರಾದರೆ ಫಲಿತಾಂಶವನ್ನು ಇನ್ನೊಂದು ಅಂಕಿಯಿಂದ ಗುಣಿಸಬೇಕೆಂದಿತು. ಕಪ್ಪು ಜನರಲ್ಲಿ ಸ್ನಾಯು ಹೆಚ್ಚೆಂಬ ಊಹೆಯನ್ನು ಇದಕ್ಕೆ ಕಾರಣವಾಗಿ ಕೊಡಲಾಯಿತು. ವ್ಯಾಪಕವಾಗಿ ಬಳಕೆಗೆ ಬಂದ ರೂಪದಲ್ಲಿ ಆ ಗುಣಕ 1.21. ಅಮೆರಿಕದಲ್ಲಿ ಈ ಅಳತೆ 20 ಅಥವಾ ಅದಕ್ಕಿಂತ ಕೆಳಗಿಳಿದರೆ ಕಸಿಗಾಗಿ ಕಾಯುವ ಅವಧಿ ಲೆಕ್ಕಕ್ಕೆ ಬರತೊಡಗುತ್ತದೆ. 18 ಬಂದ ಬಿಳಿಯ ರೋಗಿ ಸಾಲಿಗೆ ಸೇರುತ್ತಾನೆ. ಅದೇ ರಕ್ತ, ಅದೇ ವಯಸ್ಸಿನ ಕಪ್ಪು ರೋಗಿಯ ಲೆಕ್ಕ 21 ದಾಟುತ್ತದೆ. ಅವನು ಹೊರಗೇ ನಿಲ್ಲುತ್ತಾನೆ. ತಂದೆ ಕಪ್ಪು, ತಾಯಿ ಬಿಳಿ ಆದವರನ್ನು ಯಾವುದರಿಂದ ಗುಣಿಸಬೇಕು? ಸೂತ್ರದಲ್ಲಿ ಉತ್ತರವಿರಲಿಲ್ಲ.

2021ರಲ್ಲಿ ಜನಾಂಗವನ್ನು ಕೈಬಿಟ್ಟ ಹೊಸ ಸೂತ್ರ ಬಂತು. 2022ರಲ್ಲಿ ಕಸಿ ವ್ಯವಸ್ಥೆಯಿಂದ ಆ ಗುಣಕವನ್ನು ನಿಷೇಧಿಸಿದರು. ಮರುವರ್ಷದಿಂದ ಹಳೆಯ ಲೆಕ್ಕದಿಂದ ಕಳೆದುಹೋದ ಕಾಲವನ್ನು ಕಪ್ಪು ರೋಗಿಗಳಿಗೆ ಮರಳಿ ಸೇರಿಸುವ ಕೆಲಸ ಶುರುವಾಯಿತು. 2024ರ ಮಾರ್ಚ್ ಹೊತ್ತಿಗೆ 14,000ಕ್ಕೂ ಹೆಚ್ಚು ಜನರಿಗೆ ಸರಾಸರಿ ಎರಡು ವರ್ಷ ಮರಳಿ ದಕ್ಕಿತ್ತು. ಕಾಯುತ್ತಲೇ ಸತ್ತವರಿಗೆ ಹೀಗೆ ಮರಳಿಸುವ ದಾರಿ ಇಲ್ಲ.

ಇದೇ ಕ್ರಿಯಾಟಿನಿನ್ ಹೆಂಗಸರಿಗೆ ಬೇರೆ ರೀತಿಯಲ್ಲಿ ಕೇಡು ಮಾಡಿತು. 2002ರಿಂದ ಅಮೆರಿಕದಲ್ಲಿ ಯಕೃತ್ತು ಯಾರಿಗೆ ಮೊದಲು ಎಂಬುದನ್ನು 'ಮೆಲ್ಡ್' ಎಂಬ ಅಂಕ ನಿರ್ಧರಿಸುತ್ತಿದೆ. ಅದರಲ್ಲಿ ಕ್ರಿಯಾಟಿನಿನ್ ಒಂದು ಮುಖ್ಯ ಅಂಶ. ಹೆಂಗಸರಲ್ಲಿ ಸ್ನಾಯು ಸರಾಸರಿ ಕಡಿಮೆ, ಹಾಗಾಗಿ ಕಾಯಿಲೆ ಅಷ್ಟೇ ಇದ್ದರೂ ಅಂಕ ಕಡಿಮೆ. 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮೆಲ್ಡ್ ಬಂದ ಮೇಲೆ ಕಪ್ಪು-ಬಿಳಿ ಅಂತರ ಇಳಿಯಿತು, ಹೆಣ್ಣು-ಗಂಡಿನ ಅಂತರ ಹೆಚ್ಚಿತು. ಹೆಂಗಸರಿಗೆ 1.33 ಅಂಕ ಸೇರಿಸುವ ತಿದ್ದುಪಡಿ ಜಾರಿಗೆ ಬಂದದ್ದು 2023ರಲ್ಲಿ.

ಒಂದು ಕಡೆ ಬಣ್ಣವನ್ನು ಲೆಕ್ಕಕ್ಕೆ ಸೇರಿಸಿದ್ದು ತಪ್ಪಾಯಿತು, ಇನ್ನೊಂದು ಕಡೆ ಹೆಣ್ಣನ್ನು ಲೆಕ್ಕಕ್ಕೆ ಹಿಡಿಯದಿದ್ದದ್ದು ತಪ್ಪಾಯಿತು. ಆದ್ದರಿಂದ 'ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಿ' ಎಂಬ ಮಾತು ಸಾಕಾಗುವುದಿಲ್ಲ. ಲೆಕ್ಕದಿಂದ ಯಾರು ಹಿಂದೆ ಬಿದ್ದರು ಎಂದು ಮತ್ತೆ ಮತ್ತೆ ಎಣಿಸಿ ನೋಡಬೇಕು.

ನಮ್ಮ ದೇಶದಲ್ಲಿ ಇಂಥ ಎಣಿಕೆಗೆ ಕ್ಲಿಷ್ಟ ಸೂತ್ರವೇನೂ ಬೇಡ. ರಾಷ್ಟ್ರೀಯ ಅಂಗ ಕಸಿ ಸಂಸ್ಥೆಯ ಅಂಕಿಅಂಶದಂತೆ 1995ರಿಂದ 2021ರವರೆಗೆ ನಡೆದ 36,640 ಕಸಿಗಳಲ್ಲಿ ಅಂಗ ಪಡೆದ ಹೆಂಗಸರು 6,945. ಬದುಕಿರುವಾಗಲೇ ಅಂಗ ಕೊಟ್ಟವರಲ್ಲಿ ಮಾತ್ರ ಅವರೇ ಹೆಚ್ಚು: ಹೆಂಡತಿ, ತಾಯಿ. ದುಡಿಯುವವನು ಉಳಿಯಲಿ ಎಂಬ ನಿರ್ಧಾರ ಆಸ್ಪತ್ರೆಗೆ ಬರುವ ಮೊದಲೇ, ಅಡುಗೆಮನೆಯಲ್ಲೇ ಆಗಿರುತ್ತದೆ. 1994ರ ಕಾಯ್ದೆ ದಾನಿಯ ಸ್ವಇಚ್ಛೆಯ ಒಪ್ಪಿಗೆಯನ್ನು ಕೇಳುತ್ತದೆ. ಆಕೆ ಸಹಿ ಹಾಕುತ್ತಾಳೆ. ಬೇಡ ಎನ್ನಲು ಆಕೆಗೆ ಎಷ್ಟು ಜಾಗವಿತ್ತು ಎಂಬುದನ್ನು ಆ ಕಾಗದ ಕೇಳುವುದಿಲ್ಲ.