ರಸ್ತೆ ಸೈಕ್ಲಿಂಗ್‌ಗೆ ಏರೋ ಹೆಲ್ಮೆಟ್ ಆಯ್ಕೆ: ಸವಾರರು ಮತ್ತು ಪೋಷಕರಿಗೆ ಮಾಹಿತಿ

1. ಪೀಠಿಕೆ

ಕ್ಯಾತಗಾನಚೆರ್ಲು ಸೇರಿದಂತೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮಗಳಲ್ಲಿ ಸೈಕಲ್ ಬಹುಕಾಲದಿಂದ ಶಾಲೆಗೂ, ಹೊಲಕ್ಕೂ, ಸಂತೆಗೂ ಹೋಗುವ ವಾಹನವಾಗಿದೆ. ರಾಜ್ಯದಲ್ಲಿ 2006-07ನೇ ಸಾಲಿನಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ ವಿತರಿಸುವ ಯೋಜನೆ ಆರಂಭವಾದ ನಂತರ ಗ್ರಾಮೀಣ ಮಕ್ಕಳಲ್ಲಿ ಸೈಕಲ್ ಬಳಕೆ ಮತ್ತಷ್ಟು ವ್ಯಾಪಕವಾಯಿತು. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ರಸ್ತೆ ಸೈಕ್ಲಿಂಗ್ ಕ್ರೀಡೆಯಲ್ಲಿ ರಾಜ್ಯಕ್ಕೆ ಹೆಸರು ತಂದಿದ್ದು, ಇತರೆ ಜಿಲ್ಲೆಗಳ ಯುವಕ ಯುವತಿಯರಿಗೂ ಅವು ಮಾದರಿಯಾಗಿವೆ.

ಸ್ಪರ್ಧೆಗೆ ಸಿದ್ಧರಾಗುವ ಸವಾರರು ಗಾಳಿಯ ತಡೆಯನ್ನು ಕಡಿಮೆ ಮಾಡುವ ಏರೋ ಹೆಲ್ಮೆಟ್ ಕೊಳ್ಳಲು ಇಚ್ಛಿಸುವುದು ಸಹಜ. ಇದರ ಬೆಲೆ ಸಾಮಾನ್ಯ ಹೆಲ್ಮೆಟ್‌ಗಿಂತ ಹಲವು ಪಟ್ಟು ಹೆಚ್ಚಾಗಿರಬಹುದಾದ್ದರಿಂದ, ಕೊಳ್ಳುವ ಮುನ್ನ ಗಮನಿಸಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

2. ಗಾಳಿಯ ತಡೆ ಎಂದರೇನು

ಸಮತಟ್ಟಾದ ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳಿಕೊಂಡು ಹೋಗುವುದಕ್ಕೇ ವ್ಯಯವಾಗುತ್ತದೆ. ವೇಗವು ಎರಡು ಪಟ್ಟಾದರೆ ಗಾಳಿಯ ತಡೆಯು ನಾಲ್ಕು ಪಟ್ಟಾಗುತ್ತದೆ; ಅದನ್ನು ಮೀರಲು ಬೇಕಾಗುವ ಶಕ್ತಿಯು ಎಂಟು ಪಟ್ಟಾಗುತ್ತದೆ. ಈ ತಡೆಯಲ್ಲಿ ಹೆಚ್ಚಿನ ಭಾಗ ಸವಾರನ ದೇಹದಿಂದಲೇ ಉಂಟಾಗುವುದರಿಂದ, ಬಾಗಿ ಕೂರುವ ಭಂಗಿಯನ್ನು ಸರಿಪಡಿಸಿಕೊಳ್ಳುವುದು ಖರ್ಚಿಲ್ಲದ ಮೊದಲ ಉಪಾಯವಾಗಿದೆ. ಹೆಲ್ಮೆಟ್ ಅದರ ನಂತರದ್ದು.

1989ರ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ ಕೊನೆಯ ದಿನ 24.5 ಕಿ.ಮೀ. ದೂರದ ಟೈಮ್ ಟ್ರಯಲ್‌ನಲ್ಲಿ 50 ಸೆಕೆಂಡು ಹಿಂದಿದ್ದ ಅಮೆರಿಕದ ಗ್ರೆಗ್ ಲೆಮಾಂಡ್, ಫ್ರಾನ್ಸ್‌ನ ಲೊರಾಂ ಫಿನ್ಯೋ ಅವರನ್ನು ಒಟ್ಟಾರೆ 8 ಸೆಕೆಂಡುಗಳಿಂದ ಸೋಲಿಸಿದರು. ಲೆಮಾಂಡ್ ಗಾಳಿ ಸೀಳುವ ಆಕಾರದ ಹೆಲ್ಮೆಟ್ ಧರಿಸಿದ್ದಲ್ಲದೆ, ಮೊಣಕೈ ಊರಿ ಬಾಗಿ ಕೂರಲು ಅನುಕೂಲವಾದ ಹ್ಯಾಂಡಲ್ ಬಳಸಿದ್ದರು. ಫಿನ್ಯೋ ಬರಿದಲೆಯಲ್ಲಿದ್ದರು. ಆದಾಗ್ಯೂ, ಈ ಗೆಲುವನ್ನು ಹೆಲ್ಮೆಟ್ ಒಂದಕ್ಕೇ ಆರೋಪಿಸುವುದು ಸರಿಯಲ್ಲ.

3. ಲಾಭದ ಲೆಕ್ಕ

ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಾಗುವ ಸವಾರನೊಬ್ಬನು 250 ವ್ಯಾಟ್ ಶಕ್ತಿ ವ್ಯಯಿಸುತ್ತಿದ್ದಾನೆ ಎಂದೂ, ಏರೋ ಹೆಲ್ಮೆಟ್‌ನಿಂದ 5 ವ್ಯಾಟ್ ಉಳಿತಾಯವಾಗುತ್ತದೆ ಎಂದೂ ಉದಾಹರಣೆಗಾಗಿ ಭಾವಿಸೋಣ. ಇದು ಶೇ. 2ರಷ್ಟು ಉಳಿತಾಯ. ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ ವೇಗದಲ್ಲಿ ಆಗುವ ಹೆಚ್ಚಳವು ಶೇ. 0.7ಕ್ಕಿಂತ ಕಡಿಮೆ. ಅಂದರೆ ಒಂದು ಗಂಟೆಯ, 40 ಕಿ.ಮೀ. ಸ್ಪರ್ಧೆಯಲ್ಲಿ ಸುಮಾರು 24 ಸೆಕೆಂಡು ಮಾತ್ರ.

ಒಬ್ಬಂಟಿಯಾಗಿ ಓಡಿಸುವ ಟೈಮ್ ಟ್ರಯಲ್‌ನಲ್ಲಿ 24 ಸೆಕೆಂಡು ಪದಕವನ್ನೇ ನಿರ್ಧರಿಸಬಲ್ಲದು. ಗುಂಪಿನಲ್ಲಿ ಇನ್ನೊಬ್ಬರ ಹಿಂದೆ ಸಾಗುವಾಗ ಗಾಳಿಯ ಒತ್ತಡ ಬಹಳ ಕಡಿಮೆಯಿರುವುದರಿಂದ ಲಾಭವೂ ಕುಗ್ಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಶಾಲೆಗೆ ಹೋಗಿ ಬರುವವರಿಗೆ ಏರೋ ಹೆಲ್ಮೆಟ್‌ನ ಆಕಾರದಿಂದ ಗಮನಾರ್ಹ ಪ್ರಯೋಜನವಿರುವುದಿಲ್ಲ.

4. ಈ ಭಾಗದ ಹವೆ ಮತ್ತು ರಸ್ತೆ

ಈ ನಾಲ್ಕು ತಾಲ್ಲೂಕುಗಳು ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಒಣ ಪ್ರದೇಶಕ್ಕೆ ಸೇರಿವೆ. ಪಾವಗಡ ತಾಲ್ಲೂಕಿನ ತಿರುಮಣಿ ಭಾಗದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಸ್ಥಾಪನೆಯಾಗಲು ಈ ಬಿಸಿಲೂ ಒಂದು ಕಾರಣ. ಏರೋ ಹೆಲ್ಮೆಟ್‌ಗಳಲ್ಲಿ ಗಾಳಿಕಿಂಡಿಗಳು ಕಡಿಮೆಯಿರುವುದರಿಂದ ತಲೆಯ ಶಾಖ ಹೊರಹೋಗುವುದು ನಿಧಾನವಾಗುತ್ತದೆ. ಬಳಲಿದ ಸವಾರ ಕಳೆದುಕೊಳ್ಳುವ ಸಮಯವು ಹೆಲ್ಮೆಟ್ ಉಳಿಸುವ ಸೆಕೆಂಡುಗಳಿಗಿಂತ ಹೆಚ್ಚಾಗಬಹುದು. ಆದುದರಿಂದ ಮುಂಭಾಗದಲ್ಲಿ ಕಿಂಡಿಗಳೂ, ಒಳಗೆ ಗಾಳಿ ಹರಿಯಲು ಕಾಲುವೆಗಳೂ, ಹಿಂಭಾಗದಲ್ಲಿ ಬಿಸಿಗಾಳಿ ಹೊರಹೋಗಲು ತೆರಪುಗಳೂ ಇರುವ ಮಾದರಿಯನ್ನು ಆಯ್ದುಕೊಳ್ಳುವುದು ಸೂಕ್ತ.

ಮುಂಗಾರಿನ ತಿಂಗಳುಗಳಲ್ಲಿ ಬಯಲಿನಲ್ಲಿ ಬೀಸುವ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಉದ್ದ ಬಾಲದ ಟೈಮ್ ಟ್ರಯಲ್ ಹೆಲ್ಮೆಟ್‌ನ ಬಾಲವು ಬೆನ್ನಿಗೆ ಹೊಂದಿಕೊಂಡಿದ್ದಾಗ ಮಾತ್ರ ಪ್ರಯೋಜನಕಾರಿ. ಸವಾರ ತಲೆ ತಗ್ಗಿಸಿದರೆ ಬಾಲವು ಮೇಲೆದ್ದು ಗಾಳಿಗೆ ಅಡ್ಡವಾಗುತ್ತದೆ. ಅಡ್ಡಗಾಳಿಯಲ್ಲಿ ಕತ್ತಿಗೆ ಎಳೆತವೂ ಉಂಟಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 48 ಶಿರಾ ಮೂಲಕ ಹಾದುಹೋಗುವುದರಿಂದ, ಅಭ್ಯಾಸದ ವೇಳೆ ಹಿಂದಿನ ವಾಹನದ ಸದ್ದು ಕೇಳಿಸುವುದೂ, ಪಕ್ಕದ ನೋಟಕ್ಕೆ ಅಡ್ಡಿಯಾಗದಿರುವುದೂ ಅತ್ಯಗತ್ಯ. ಕಿವಿ ಮುಚ್ಚುವ ಹೆಲ್ಮೆಟ್‌ಗಳು ರಸ್ತೆಯ ದೈನಂದಿನ ಅಭ್ಯಾಸಕ್ಕೆ ತಕ್ಕುದಲ್ಲ.

5. ಸುರಕ್ಷತಾ ಮಾನಕಗಳು

2003ರ ಮಾರ್ಚ್‌ನಲ್ಲಿ ಪ್ಯಾರಿಸ್-ನೀಸ್ ಸ್ಪರ್ಧೆಯಲ್ಲಿ ಹೆಲ್ಮೆಟ್ ಧರಿಸದೆ ಬಿದ್ದ ಕಜಕಸ್ತಾನದ ಸವಾರ ಆಂಡ್ರೇ ಕಿವಿಲೆವ್ ತಲೆಗೆ ಆದ ಪೆಟ್ಟಿನಿಂದ ಮೃತಪಟ್ಟರು. ಅದೇ ವರ್ಷ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ವೃತ್ತಿಪರ ರಸ್ತೆ ಸ್ಪರ್ಧೆಗಳಲ್ಲಿ ಹೆಲ್ಮೆಟ್ ಕಡ್ಡಾಯಗೊಳಿಸಿತು. ಹೆಲ್ಮೆಟ್‌ನ ಮೊದಲ ಕರ್ತವ್ಯ ಜೀವರಕ್ಷಣೆ, ವೇಗವು ಎರಡನೆಯದು.

ಕೊಳ್ಳುವಾಗ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು:

(ಅ) ಹೆಲ್ಮೆಟ್‌ನ ಒಳಗೆ ಯುರೋಪಿನ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಮಾನಕದ ಚೀಟಿ ಇರಬೇಕು.

(ಆ) ಭಾರತೀಯ ಮಾನಕ ಐಎಸ್ 4151 ಮೋಟಾರು ದ್ವಿಚಕ್ರ ವಾಹನ ಸವಾರರ ಹೆಲ್ಮೆಟ್‌ಗೆ ಸಂಬಂಧಿಸಿದ್ದು. ಮನೆಯಲ್ಲಿರುವ ಬೈಕ್ ಹೆಲ್ಮೆಟ್ ಭಾರವಾಗಿದ್ದು, ಗಾಳಿಯಾಡದ ಕಾರಣ ಸೈಕಲ್ ತುಳಿಯುವ ಶ್ರಮಕ್ಕೆ ಹೊಂದುವುದಿಲ್ಲ.

(ಇ) ತಲೆಗೆ ಓರೆಯಾಗಿ ಪೆಟ್ಟು ಬಿದ್ದಾಗ ಉಂಟಾಗುವ ತಿರುಚುವಿಕೆಯನ್ನು ತಗ್ಗಿಸಲು ಮಿಪ್ಸ್ ಮೊದಲಾದ ಜಾರುಪದರಗಳನ್ನು ಕೆಲವು ಹೆಲ್ಮೆಟ್‌ಗಳಲ್ಲಿ ಅಳವಡಿಸಲಾಗಿರುತ್ತದೆ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯವು 2018ರಿಂದ ಸೈಕಲ್ ಹೆಲ್ಮೆಟ್‌ಗಳನ್ನು ಪರೀಕ್ಷಿಸಿ ನಕ್ಷತ್ರಗಳ ಮೂಲಕ ಶ್ರೇಣಿ ನೀಡುತ್ತಿದೆ. ದುಬಾರಿಯಲ್ಲದ ಹೆಲ್ಮೆಟ್‌ಗಳೂ ಇದರಲ್ಲಿ ಉತ್ತಮ ಶ್ರೇಣಿ ಪಡೆದಿರುವುದನ್ನು ಗಮನಿಸಬಹುದು.

(ಈ) ಅಂತರರಾಷ್ಟ್ರೀಯ ಒಕ್ಕೂಟವು ಟೈಮ್ ಟ್ರಯಲ್ ಹಾಗೂ ಸಾಮೂಹಿಕ ಆರಂಭದ ರಸ್ತೆ ಸ್ಪರ್ಧೆಗಳ ಹೆಲ್ಮೆಟ್‌ಗಳ ನಡುವೆ 2026ರ ಜನವರಿ 1ರಿಂದ ಸ್ಪಷ್ಟ ವ್ಯತ್ಯಾಸ ನಿಗದಿಪಡಿಸಿದೆ. ಕೊಳ್ಳುವ ಮುನ್ನ ತಾವು ಭಾಗವಹಿಸುವ ಸ್ಪರ್ಧೆಯ ನಿಯಮವನ್ನು ಸಂಘಟಕರಿಂದ ಖಚಿತಪಡಿಸಿಕೊಳ್ಳುವುದು.

6. ಅಳತೆ ಮತ್ತು ಹೊಂದಾಣಿಕೆ

ಹುಬ್ಬಿನಿಂದ ಸುಮಾರು ಒಂದು ಅಂಗುಲ ಮೇಲೆ ತಲೆಯ ಸುತ್ತಳತೆಯನ್ನು ಟೇಪಿನಿಂದ ಸೆಂ.ಮೀ.ನಲ್ಲಿ ಅಳೆದು, ತಯಾರಕರ ಅಳತೆ ಪಟ್ಟಿಯೊಂದಿಗೆ ತಾಳೆ ನೋಡತಕ್ಕದ್ದು. ಹೆಲ್ಮೆಟ್ ಹಣೆಯ ಮೇಲೆ ಸಮವಾಗಿ ಕೂತು, ಹುಬ್ಬಿಗಿಂತ ಎರಡು ಬೆರಳಷ್ಟು ಮೇಲಿರಬೇಕು. ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು. ಗಲ್ಲದ ಪಟ್ಟಿಯೊಳಗೆ ಒಂದೆರಡು ಬೆರಳು ಮಾತ್ರ ತೂರುವಂತಿರಬೇಕು. ತಲೆ ಅಲುಗಾಡಿಸಿದಾಗ ಹೆಲ್ಮೆಟ್ ಜಾರಬಾರದು. ಬೆಳೆಯುವ ಮಕ್ಕಳಿಗೆ ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡ ಅಳತೆ ಕೊಳ್ಳುವುದು ಅಪಾಯಕರ. ಸಡಿಲವಾದ ಹೆಲ್ಮೆಟ್ ಬಿದ್ದ ಕ್ಷಣದಲ್ಲಿ ಸರಿದು ತಲೆಯನ್ನು ಬಯಲಾಗಿಸುತ್ತದೆ.

7. ಬಳಕೆ ಮತ್ತು ನಿರ್ವಹಣೆ

ಒಳಗಿನ ಥರ್ಮೋಕೋಲ್‌ನಂತಹ ಪದರವು ತಾನು ನುಜ್ಜಾಗಿ ಪೆಟ್ಟನ್ನು ಹೀರಿಕೊಳ್ಳುತ್ತದೆ. ಒಮ್ಮೆ ನುಜ್ಜಾದರೆ ಮತ್ತೆ ಮೊದಲಿನಂತಾಗುವುದಿಲ್ಲ. ಆದುದರಿಂದ ಬಲವಾಗಿ ಬಿದ್ದ ಹೆಲ್ಮೆಟ್ ಹೊರಗೆ ಬಿರುಕು ಕಾಣದಿದ್ದರೂ ಬದಲಾಯಿಸತಕ್ಕದ್ದು. ಇದೇ ಕಾರಣಕ್ಕೆ, ಹಿಂದಿನ ಬಳಕೆ ತಿಳಿಯದ ಹಳೆಯ ಹೆಲ್ಮೆಟ್ ಕೊಳ್ಳಬಾರದು. ಪೆಟ್ರೋಲ್, ಥಿನ್ನರ್‌ಗಳಿಂದ ಒರೆಸದೆ ಸಾಬೂನಿನ ನೀರಿನಿಂದ ಸ್ವಚ್ಛಗೊಳಿಸುವುದು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಇಡಬಾರದು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೈಕಲ್ ಸವಾರರಿಗೆ ಕಾನೂನಿನಲ್ಲಿ ಹೆಲ್ಮೆಟ್ ಕಡ್ಡಾಯವೇ?
ಉತ್ತರ: ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 129 ಮೋಟಾರ್ ಸೈಕಲ್ ಸವಾರರಿಗೆ ಅನ್ವಯಿಸುತ್ತದೆ. ಸೈಕಲ್ ಸವಾರರಿಗೆ ಈ ಪ್ರಕರಣದಡಿ ಕಡ್ಡಾಯವಿಲ್ಲ. ಆದರೂ ಧರಿಸುವುದು ಹಿತಕರ.

ಪ್ರಶ್ನೆ: ಒಂದೇ ಹೆಲ್ಮೆಟ್ ಕೊಳ್ಳುವಷ್ಟು ಹಣವಿದ್ದಲ್ಲಿ ಯಾವುದನ್ನು ಆರಿಸಬೇಕು?
ಉತ್ತರ: ಮಾನಕದ ಚೀಟಿ ಇರುವ, ತಲೆಗೆ ಸರಿಹೊಂದುವ, ಗಾಳಿಯಾಡುವ ರಸ್ತೆ ಹೆಲ್ಮೆಟ್. ಈ ಮೂರೂ ಇದ್ದು, ಆಕಾರವೂ ಏರೋ ಆಗಿದ್ದಲ್ಲಿ ಉತ್ತಮ.

ಸಾರ್ವಜನಿಕರು ಹಾಗೂ ಪೋಷಕರು ಮೇಲ್ಕಂಡ ಅಂಶಗಳನ್ನು ಗಮನದಲ್ಲಿರಿಸಿಕೊಂಡು, ಸೆಕೆಂಡುಗಳ ಲಾಭಕ್ಕಿಂತ ಸವಾರರ ತಲೆಯ ರಕ್ಷಣೆಗೆ ಆದ್ಯತೆ ನೀಡಿ ಹೆಲ್ಮೆಟ್ ಆಯ್ಕೆ ಮಾಡಿಕೊಳ್ಳಬೇಕೆಂದು ಕೋರಲಾಗಿದೆ.