ಯೆಲ್ಲೋ ಗೇಟ್‌ಗೆ ಬಂದ ಸೊಮಾಲಿಗಳು

2011ರ ಮೊದಲ ಮೂರು ತಿಂಗಳಲ್ಲಿ ನಮ್ಮ ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ ಅರಬ್ಬಿ ಸಮುದ್ರದಲ್ಲಿ ನೂರಕ್ಕೂ ಹೆಚ್ಚು ಸೊಮಾಲಿ ಕಡಲ್ಗಳ್ಳರನ್ನು ಹಿಡಿದು ಮುಂಬೈಗೆ ತಂದವು. ಬಂದರಿನ ಯೆಲ್ಲೋ ಗೇಟ್ ಪೊಲೀಸ್ ಠಾಣೆಗೆ ಅವರನ್ನು ಒಪ್ಪಿಸಲಾಯಿತು. ಆದರೆ ಕೇಸು ಹಾಕುವುದು ಯಾವ ಕಲಮಿನಡಿ? ಭಾರತೀಯ ದಂಡ ಸಂಹಿತೆಯಲ್ಲಿ ಕಡಲ್ಗಳ್ಳತನ ಎಂಬ ಅಪರಾಧವೇ ಇರಲಿಲ್ಲ. ಕೊಲೆ ಯತ್ನ, ಅಪಹರಣ, ಶಸ್ತ್ರಾಸ್ತ್ರ ಕಾಯ್ದೆ ಎಂದು ಅಲ್ಲಿಂದಿಲ್ಲಿಂದ ಹೆಕ್ಕಿ ಆರೋಪಪಟ್ಟಿ ಹೆಣೆಯಬೇಕಾಯಿತು. ಹಿಂದಿನ ಕಹಿ ಅನುಭವವೂ ಇತ್ತು. ‘ಅಲೊಂಡ್ರಾ ರೇನ್‌ಬೋ’ ಎಂಬ ಜಪಾನಿ ಒಡೆತನದ ಹಡಗನ್ನು 1999ರಲ್ಲಿ ಅಪಹರಿಸಿದ್ದ ಇಂಡೋನೇಷ್ಯದವರಿಗೆ ಇದೇ ಊರಿನ ಸೆಷನ್ಸ್ ನ್ಯಾಯಾಲಯ 2003ರಲ್ಲಿ ಶಿಕ್ಷೆ ಕೊಟ್ಟಿತ್ತು. ಎರಡು ವರ್ಷದ ಮೇಲೆ ಹೈಕೋರ್ಟ್ ಅವರನ್ನು ಖುಲಾಸೆ ಮಾಡಿತು.

ಸೊಮಾಲಿಯಾದ ತೀರದಿಂದ ಈ ನ್ಯಾಯ ಹೇಗೆ ಕಂಡಿತು? ಉತ್ತರ ಅದೇ ಏಪ್ರಿಲ್‌ನಲ್ಲಿ ಬಂತು. ‘ಆಸ್ಫಾಲ್ಟ್ ವೆಂಚರ್’ ಹಡಗಿಗೆ ಒತ್ತೆಹಣ ಪಡೆದ ಮೇಲೂ ಕಡಲ್ಗಳ್ಳರು ಏಳು ಭಾರತೀಯ ನಾವಿಕರನ್ನು ಬಿಡಲಿಲ್ಲ. ಭಾರತದ ಜೈಲಿನಲ್ಲಿರುವ ನಮ್ಮವರನ್ನು ಬಿಡಿ, ಆಮೇಲೆ ನಿಮ್ಮವರನ್ನು ಬಿಡುತ್ತೇವೆ ಎಂದರು. ಅವರ ಕಣ್ಣಿಗೆ ಮುಂಬೈಯದು ನ್ಯಾಯಾಲಯವಲ್ಲ, ಎದುರಾಳಿಯ ಸೆರೆಮನೆ. ಒಳಗಿರುವವರು ಆರೋಪಿಗಳಲ್ಲ, ಯುದ್ಧದಲ್ಲಿ ಸಿಕ್ಕಿಬಿದ್ದ ಬಂಧುಗಳು. ಹಾಗೆಂದು ನಾನು ಓದಿಕೊಳ್ಳುತ್ತೇನೆ. ಆ ಏಳು ಮಂದಿ ಮನೆಗೆ ಬಂದದ್ದು 2014ರ ಕೊನೆಗೆ. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ.

1991ರಲ್ಲಿ ಸಿಯಾದ್ ಬರ್‍ರೆ ಸರ್ಕಾರ ಉರುಳಿದ ಮೇಲೆ ವಿದೇಶಿ ಟ್ರಾಲರುಗಳು ನಮ್ಮ ಮೀನನ್ನು ಬಾಚಿಕೊಂಡು ಹೋದವು, ನಾವು ಕಡಲು ಕಾಯುವವರು ಎಂಬುದು ಕಡಲ್ಗಳ್ಳರ ವಾದ. ದೂರು ಸುಳ್ಳಲ್ಲ. ಅದನ್ನು ನಂಬುವ ಜನ ಆಫ್ರಿಕದಲ್ಲಿ ಇರುವುದಕ್ಕೆ ಬೇರೊಂದು ಕಾರಣವೂ ಇದೆ: ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2016ರವರೆಗೆ ತೆರೆದ ತನಿಖೆಗಳೆಲ್ಲವೂ ಆಫ್ರಿಕದವೇ. ಕಡಲ್ಗಳ್ಳತನ ಆ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲ. ಮೀನು ಕದ್ದ ಟ್ರಾಲರಂತೂ ಬರುವುದೇ ಇಲ್ಲ.

ಆದರೆ 2011ರ ಮಾರ್ಚ್‌ನಲ್ಲಿ 61 ಕಡಲ್ಗಳ್ಳರು ಸಿಕ್ಕ ‘ವೆಗಾ 5’ ಮೊಜಾಂಬಿಕ್‌ನ ಮೀನುಗಾರಿಕಾ ಹಡಗು. ಅಂದು ಬದುಕಿ ಬಂದ 13 ಮಂದಿಯಲ್ಲಿ ಬಹುಪಾಲು ಮೊಜಾಂಬಿಕ್‌ನವರೇ. ಅವರನ್ನು ಕೇಳಿದ್ದರೆ ‘ಆಫ್ರಿಕದ ಅಭಿಪ್ರಾಯ’ ಬೇರೆಯೇ ಇರುತ್ತಿತ್ತು.

ಮುಂಬೈಗೂ ಈ ಗೊಂದಲ ಹೊಸದಲ್ಲ. ಅಲಿಬಾಗ್‌ನ ಕೊಲಾಬಾ ಕೋಟೆಯಲ್ಲಿದ್ದುಕೊಂಡು ಹಡಗುಗಳಿಂದ ಪರವಾನಗಿ ಶುಲ್ಕ ಕೇಳುತ್ತಿದ್ದ ಮರಾಠ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯನ್ನು ಈಸ್ಟ್ ಇಂಡಿಯಾ ಕಂಪನಿ ಕಡಲ್ಗಳ್ಳ ಎಂದೇ ಕರೆಯಿತು. 1721ರಲ್ಲಿ ಪೋರ್ಚುಗೀಸರನ್ನು ಕೂಡಿಕೊಂಡು ಕೋಟೆಯ ಮೇಲೆ ಏರಿಹೋಗಿ ಸೋತಿತು. ಇಂದು ಮುಂಬೈಯ ನೌಕಾನೆಲೆಯೊಂದರ ಹೆಸರು ಐಎನ್‌ಎಸ್ ಆಂಗ್ರೆ. (ಆಂಗ್ರೆಗೆ ಬೆನ್ನಿಗೊಂದು ರಾಜ್ಯವಿತ್ತು, ಸೊಮಾಲಿಗಳಿಗೆ ಇರಲಿಲ್ಲ, ವ್ಯತ್ಯಾಸ ಸಣ್ಣದಲ್ಲ.)

2017ರಲ್ಲಿ ಮುಂಬೈ ನ್ಯಾಯಾಲಯ 2011ರ ಸೊಮಾಲಿಗಳಿಗೆ 7 ವರ್ಷ ಶಿಕ್ಷೆ ವಿಧಿಸಿತು. ಅಷ್ಟರಲ್ಲಿ ಅವರು ಆರು ವರ್ಷ ಜೈಲಿನಲ್ಲೇ ಕಳೆದಿದ್ದರು. ಕಡಲ್ಗಳ್ಳತನ ವಿರೋಧಿ ಮಸೂದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2022ರ ಡಿಸೆಂಬರಿನಲ್ಲಿ. 2024ರ ಮಾರ್ಚ್ 23ರಂದು ‘ರುಯೆನ್’ ಹಡಗಿನಿಂದ ಹಿಡಿದ 35 ಸೊಮಾಲಿಗಳನ್ನು ಐಎನ್‌ಎಸ್ ಕೋಲ್ಕತ್ತ ಮುಂಬೈಯಲ್ಲಿ ಇಳಿಸಿತು. ಈ ಸಲ ಪೊಲೀಸರ ಕೈಯಲ್ಲಿ ಕಲಮು ಸಿದ್ಧವಿತ್ತು.